ಬಟಾಟೆ ಕಪ್ಪಾದರೆ ಬಾಣಲಿಗೆ ಯಾಕ ಬೈತೀರಿ?

ಸವಣೂರು: ಖಾರಾಕ್ಕೆ ಹೆಸರಾದ ಈ ಊರಿನವರಿಗೆ ಕರಿಯುವ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೂ ಎಣ್ಣಿ ಚೊಲೋ ಐತಿ, ಉರಿ ಹದಕ್ಕೈತಿ, ಬಟಾಟೆ ಚಿಪ್ಸ್ ಮಾತ್ರ ಕಪ್ಪಾದ್ವು ಅಂದರೆ ಏನನ್ನಬೇಕು? ತಪ್ಪು ಬಹಳ ಸಲ ಬಾಣಲಿಯದ್ದಲ್ಲ, ಹೊಲದ್ದು!

ಬಟಾಟೆ ಕಪ್ಪಾಗುವುದು ಮೂರು ಬಗೆ. ಹೆಚ್ಚಿಟ್ಟ ಹೋಳು ಗಾಳಿ ತಾಗಿ ಕಂದುವುದು ಒಂದು. ಬೇಯಿಸಿದ ಗಡ್ಡೆ ಆರಿದ ಮೇಲೆ ಬೂದಿ ಬಣ್ಣಕ್ಕೆ ತಿರುಗುವುದು ಇನ್ನೊಂದು. ಅದು ಗಡ್ಡೆಯೊಳಗಿನ ಕಬ್ಬಿಣದ ಅಂಶದ ಕೆಲಸ. ಮೂರನೆಯದು, ಕರಿಯುವಾಗ ಸುಟ್ಟಂತಾಗುವುದು. ಇದಕ್ಕೆ ಕಾರಣ ಗಡ್ಡೆಯಲ್ಲಿ ಉಳಿದ ಸಕ್ಕರೆ.

ಗೊಬ್ಬರದ ಮಾತು ಬರುವುದು ಇಲ್ಲೇ ನೋಡ್ರಿ. ಪೊಟ್ಯಾಷ್ ಸಾಕಷ್ಟು ಉಂಡ ಗಡ್ಡೆಯಲ್ಲಿ ಲಿಂಬಿಹಣ್ಣಿನ ಹುಳಿಯೇ ಆದ ಸಿಟ್ರಿಕ್ ಆಮ್ಲ ಹೆಚ್ಚು. ಅದು ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಬೆಂದ ಗಡ್ಡೆ ಬೆಳ್ಳಗೆ ಉಳಿಯುತ್ತದೆ. ಯೂರಿಯಾ ಅತಿಯಾದರೆ ಗಿಡ ಹಸಿರಾಗಿ ಮೆರೆಯುತ್ತದೆ, ಗಡ್ಡೆ ಬಲಿಯುವುದು ತಡವಾಗುತ್ತದೆ. ಬಲಿಯದ ಗಡ್ಡೆಯಲ್ಲಿ ನೀರು ಜಾಸ್ತಿ, ಹಿಟ್ಟು ಕಮ್ಮಿ, ಸಕ್ಕರೆ ಹೆಚ್ಚು. ತಕ್ಕಡಿಗೆ ಲಾಭ, ಬಾಣಲಿಗೆ ಲುಕ್ಸಾನು.

ಬಟಾಟೆಯಂತೂ ಮಣ್ಣಿನಿಂದ ಸಾರಜನಕಕ್ಕಿಂತ ಪೊಟ್ಯಾಷನ್ನೇ ಹೆಚ್ಚು ಎಳೆಯುವ ಬೆಳೆ. ಹಾಗಿದ್ದೂ ರೈತ ಯಾಕೆ ಹಾಕೋದಿಲ್ಲ? ರೊಕ್ಕದ ಲೆಕ್ಕ ಸ್ವಾಮಿ! ಪೊಟ್ಯಾಷ್ ಹೊರದೇಶದಿಂದ ಬರಬೇಕು. 2010ರಲ್ಲಿ ಕೇಂದ್ರ ಸರಕಾರ ಸಬ್ಸಿಡಿ ಪದ್ಧತಿ ಬದಲಿಸಿದ ನಂತರ ಪೊಟ್ಯಾಷ್, ಡಿ.ಎ.ಪಿ. ದರ ಏರಿದವು. ಯೂರಿಯಾ ದರ ಮಾತ್ರ ಸರಕಾರದ ಹಿಡಿತದಲ್ಲೇ ಉಳಿಯಿತು. ಅಗ್ಗದ ಚೀಲಕ್ಕೆ ಕೈ ಹೋಗುವುದು ಸಹಜ. ಗೊಬ್ಬರ ಹೊತ್ತಿಗೆ ಸಿಗುವುದೂ ಸುಲಭವಲ್ಲ. ನಮ್ಮ ಹಾವೇರಿಯಲ್ಲೇ 2008ರ ಜೂನ್ 10ರಂದು ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ಜೀವ ಕಳಕೊಂಡರು.

ಎಲ್ಲ ತಪ್ಪೂ ರೈತನ ತಲೆಗೆ ಕಟ್ಟಬೇಡಿರಿ. ಕೋಲ್ಡ್ ಸ್ಟೋರೇಜಿನ ತಂಪಿನಲ್ಲಿ ಒಳ್ಳೇ ಗಡ್ಡೆಯ ಹಿಟ್ಟೂ ಸಕ್ಕರೆಯಾಗುತ್ತದೆ. ಅಂಥ ಮಾಲು ತಂದರೆ ಎರಡು ವಾರ ನೆರಳಲ್ಲಿ, ಗಾಳಿಯಾಡುವಲ್ಲಿ ಹರವಿಟ್ಟು ಆಮೇಲೆ ಕರಿಯಿರಿ. ಹೆಚ್ಚಿದ ಹೋಳು ನೀರಲ್ಲಿ ಮುಳುಗಿರಲಿ.

ಅಂಗಡಿಕಾರರಿಗೆ ಒಂದು ಸುಲಭ ಪರೀಕ್ಷೆ: ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದರೆ ಹಿಟ್ಟಿನ ಗಡ್ಡೆ, ತೇಲಿದರೆ ನೀರಿನ ಗಡ್ಡೆ. ಮುಳುಗಿದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಡ್ರಿ. ತೂಕಕ್ಕಷ್ಟೇ ರೊಕ್ಕ ಎಣಿಸಿದರೆ ರೈತ ತೂಕವನ್ನೇ ಬೆಳೀತಾನ, ರುಚಿ ಎಲ್ಲಿಂದ ತರ್ತಾನ?