ಹಟ್ಟಿಯ ನಾಯಿ ಕುರಿಮರಿಯನ್ನೇಕೆ ತಿನ್ನುವುದಿಲ್ಲ?

ಕಂಪ್ಲಿಯ ಶಾಲಾ ಶಿಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಭತ್ತದ ಕೊಯ್ಲು ಮುಗಿದ ಮೇಲೆ ಅವರೂರಿನ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಾರೆ. ನೂರಾರು ಕುರಿ, ಸುತ್ತ ಬಲೆ, ಮೂರು ಕಲ್ಲಿನ ಒಲೆ, ಕಂಬಳಿ ಹೊದ್ದ ಇಬ್ಬರು ಮೂವರು, ಜೊತೆಗೆ ಎರಡು ನಾಯಿ. "ತೋಳವೂ ನಾಯಿಯೂ ಒಂದೇ ಕುಲ ಅಂತ ಮಕ್ಕಳಿಗೆ ನಾವೇ ಪಾಠ ಮಾಡುತ್ತೇವೆ. ಹಾಗಿದ್ದರೆ ರಾತ್ರಿಯೆಲ್ಲ ಎಳೆಮರಿಗಳ ಮಗ್ಗುಲಲ್ಲೇ ಮಲಗುವ ಆ ನಾಯಿಗೆ ಅವನ್ನು ತಿನ್ನಬೇಕು ಅಂತ ಯಾಕೆ ಅನಿಸುವುದಿಲ್ಲ ಸಾರ್?"

'ನಿಯತ್ತು' ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದು. ಆದರೆ ನಿಯತ್ತು ಎಂಬುದು ನಾವು ಕಂಡದ್ದಕ್ಕೆ ಇಟ್ಟ ಹೆಸರು, ಕಾರಣವಲ್ಲ. ಅಷ್ಟೇ ಅಲ್ಲ, ನೋಡಲು ಹಟ್ಟಿಯ ನಾಯಿಯಂತೆಯೇ ಇರುವ ಊರನಾಯಿಗಳು ಗುಂಪುಗೂಡಿ ದೊಡ್ಡಿಗೆ ನುಗ್ಗಿ ಕುರಿಗಳನ್ನು ಕಚ್ಚಿ ಕೊಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅದೇ ಮೈಬಣ್ಣ, ಅದೇ ಬಾಲ, ಅದೇ ಹಲ್ಲು. ಒಂದು ಕಾಯುತ್ತದೆ, ಒಂದು ಕೊಲ್ಲುತ್ತದೆ. ಹಾಗಾಗಿ ಮೇಷ್ಟರ ಪ್ರಶ್ನೆ ಅವರು ಅಂದುಕೊಂಡದ್ದಕ್ಕಿಂತ ಆಳವಾಗಿದೆ.

ಹೊಸಪೇಟೆ, ಕಂಪ್ಲಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಅವರಿಗೆ ಕಾಲುವೆ ಗೊತ್ತು. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ತೆಗೆದ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ನಡುವೆಯೇ ಹರಿಯುವ ತುರ್ತು ಕಾಲುವೆ ಇಂದಿಗೂ ಬಾಳೆ ತೋಟಗಳಿಗೆ, ಗದ್ದೆಗಳಿಗೆ ನೀರುಣಿಸುತ್ತಿವೆ. ಕಾಲುವೆಯ ನೀರು ಒಂದು ತೂಬು ದಾಟಿ ಮುಂದಿನ ತೂಬಿಗೆ ಬರುತ್ತದೆ. ಮೇಲಿನದನ್ನು ಮುಚ್ಚಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ತೋಳದ ಬೇಟೆಯೂ ಹೀಗೆ ತೂಬಿನಿಂದ ತೂಬಿಗೆ ಹರಿಯುತ್ತದೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳಿ ತಿನ್ನುವುದು. ತೋಳದಲ್ಲಿ ಎಲ್ಲ ತೂಬುಗಳೂ ತೆರೆದಿರುತ್ತವೆ. ಹೊಟ್ಟೆ ತುಂಬಬೇಕಾದರೆ ನೀರು ಕೊನೆಯ ಗದ್ದೆಯವರೆಗೂ ಮುಟ್ಟಲೇಬೇಕು.

ಮನುಷ್ಯ ನಾಯಿಯನ್ನು ಸಾಕುತ್ತ ಬಂದ ಹತ್ತು ಹದಿನೈದು ಸಾವಿರ ವರ್ಷಗಳಲ್ಲಿ ಮಾಡಿದ್ದು ಈ ತೂಬುಗಳ ಕೆಲಸವನ್ನೇ. ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕೋಲಿ ಕುರಿಗಳನ್ನು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ. ಅಲ್ಲಿಗೆ ನೀರು ನಿಲ್ಲುತ್ತದೆ. ಅದು ಕುರಿ ಅಟ್ಟುವ ನಾಯಿ. ಮುಧೋಳದಂಥ ಬೇಟೆನಾಯಿಯಲ್ಲಿ ಅಟ್ಟುವ, ಹಿಡಿಯುವ ತೂಬುಗಳು ಪೂರಾ ತೆರೆದಿವೆ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಬೇಟೆಗಾರರ ಜೊತೆ ಕಾಣುವುದು ಈ ಬಗೆಯ ಕೆಲಸದ ನಾಯಿಗಳನ್ನೇ. ಇನ್ನು ಕುರಿ ಕಾಯುವ ನಾಯಿಯಲ್ಲಿ, ಕುರಿಯ ಮಟ್ಟಿಗೆ, ಮೊದಲ ತೂಬೇ ಮುಚ್ಚಿರುತ್ತದೆ. ಕುರಿ ಅದರ ಕಣ್ಣಿಗೆ ಬೇಟೆಯಾಗಿ ಬೀಳುವುದೇ ಇಲ್ಲ. ಅಂದಮೇಲೆ ಅದು ಆಸೆಯನ್ನು ಅದುಮಿಟ್ಟುಕೊಂಡು ಮಲಗಿದೆ ಎನ್ನುವ ಹಾಗಿಲ್ಲ. ಅಲ್ಲಿ ಆ ಆಸೆ ಹುಟ್ಟಿಯೇ ಇಲ್ಲ.

ಈ ತೂಬನ್ನು ಮುಚ್ಚುವವರು ಯಾರು, ಯಾವಾಗ? ನನಗೆ ತುಂಬ ಇಷ್ಟವಾದ ಚರಿತ್ರೆ ಇದು.

ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಸಾಕಿ, ಮರಿಗಳ ಒಂದೊಂದು ದಿನದ ನಡವಳಿಕೆಯನ್ನೂ ಬರೆದಿಟ್ಟರು. ಅವರ ಗ್ರಂಥ ಬಂದದ್ದು 1965ರಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಅದೇ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು ನಡೆಸಿದ್ದ ಒಂದು ಪ್ರಯೋಗ ಪ್ರಕಟವಾಗಿತ್ತು. ಎತ್ತರದ ಬೇಲಿಯೊಳಗೆ ಮನುಷ್ಯರ ಮುಖವೇ ಕಾಣದಂತೆ ನಾಯಿಮರಿಗಳನ್ನು ಬೆಳೆಸಿದರು. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಐದನೆಯ ವಾರದಲ್ಲಿ, ಕೆಲವನ್ನು ಒಂಬತ್ತನೆಯ ವಾರದಲ್ಲಿ ಹೀಗೆ ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಜೊತೆ ಬಿಟ್ಟರು. ಹದಿನಾಲ್ಕು ವಾರ ಮನುಷ್ಯರ ಸಂಗವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಎಷ್ಟು ಮುದ್ದು ಮಾಡಿದರೂ ಕಾಡುಪ್ರಾಣಿಗಳಂತೆ ಬೆದರುತ್ತಲೇ ಉಳಿದವು. ಸುಮಾರು ಮೂರರಿಂದ ಹನ್ನೆರಡು ವಾರದವರೆಗೆ ನಾಯಿಮರಿಯ ಮನಸ್ಸಿನಲ್ಲಿ ಒಂದು ಬಾಗಿಲು ತೆರೆದಿರುತ್ತದೆ, ಆಗ ಮಗ್ಗುಲಲ್ಲಿ ಇದ್ದವರೆಲ್ಲ ಅದಕ್ಕೆ ಬಳಗ ಎಂಬ ತಿಳಿವಳಿಕೆ ಬಂದದ್ದು ಇಂಥ ಕೆಲಸಗಳಿಂದ.

ಮುಂದಿನ ಕಥೆಗೆ ಕಾರಣ ವಿಷ. ಅಮೆರಿಕದ ಕುರಿಸಾಕಣೆಗಾರರು ತೋಳದ ದಾಯಾದಿ ಕಯೋಟಿಗಳನ್ನು ವಿಷವಿಟ್ಟು ಕೊಲ್ಲುತ್ತಿದ್ದರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನಿನಲ್ಲಿ ಆ ವಿಷಗಳನ್ನು ನಿಷೇಧಿಸಿದರು. ಈಗೇನು ಮಾಡುವುದು? ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ರೇಮಂಡ್ ಕಾಪಿಂಜರ್, ಅವರ ಪತ್ನಿ ಲಾರ್ನಾ ಇಬ್ಬರೂ ಇಟಲಿ, ಯುಗೊಸ್ಲಾವಿಯಾ, ಟರ್ಕಿಗಳ ಕುರುಬರ ಬಳಿ ಹೋಗಿ ಕಾವಲು ನಾಯಿಯ ಮರಿಗಳನ್ನು ತಂದರು; ಅವುಗಳ ಸಂತತಿಯನ್ನು ಬೆಳೆಸಿ ಅಮೆರಿಕದ ನೂರಾರು ರೈತರಿಗೆ ಹಂಚಿದರು. ಹಂಚಿ ಸುಮ್ಮನಾಗಲಿಲ್ಲ, ಪ್ರತಿ ನಾಯಿಯ ಲೆಕ್ಕ ಇಟ್ಟರು. ಎಳೆಯದರಲ್ಲೇ ಕುರಿಗಳ ನಡುವೆ ಬಿಟ್ಟ ಮರಿ ದೊಡ್ಡದಾದ ಮೇಲೆ ಮಂದೆ ಬಿಟ್ಟು ಕದಲುವುದಿಲ್ಲ. ಮನೆಯ ಜಗಲಿಯಲ್ಲಿ ಮಕ್ಕಳ ಜೊತೆ ಆಡಿ ಬೆಳೆದ ಮರಿ ಮನೆಯನ್ನೇ ಕಾಯುತ್ತದೆ, ಕುರಿ ಕಾಯುವುದಿಲ್ಲ. ಮೆಚ್ಚತಕ್ಕ ಕೆಲಸ. ಆದರೆ ಕಾಪಿಂಜರ್ ದಂಪತಿ ಸಾಗರ ದಾಟಿ ಹುಡುಕಿಕೊಂಡು ಹೋದ ಪದ್ಧತಿ ಕುರುಬರದು, ಮತ್ತು ಅದೇ ಪದ್ಧತಿ ನಮ್ಮ ಹಟ್ಟಿಗಳಲ್ಲಿ ಹೆಸರಿಲ್ಲದೆ ನಡೆಯುತ್ತಿದೆ ಎಂಬುದನ್ನು ಒತ್ತಿ ಹೇಳಬೇಕು. ಇಲ್ಲಿ ಹೆಣ್ಣುನಾಯಿ ಮಂದೆಯ ಜೊತೆಗೇ ನಡೆಯುತ್ತದೆ, ಅಲ್ಲೇ ಈಯುತ್ತದೆ. ಮರಿ ಕಣ್ಣು ಬಿಡುವುದು ಹುಟ್ಟಿದ ಎರಡು ವಾರಕ್ಕೆ. ಆಗ ಮೂಗಿಗೆ ಬಡಿಯುವುದು ಉಣ್ಣೆಯ ವಾಸನೆ, ಕಿವಿ ತೆರೆದಾಗ ಕೇಳುವುದು ಕುರಿಯ ಅರಚು. ಕುರಿಮರಿಗೆ ಬಾಯಿ ಹಾಕಿದ ನಾಯಿಯನ್ನು ಯಾವ ಕುರಿಗಾಹಿಯೂ ಉಳಿಸಿಕೊಳ್ಳುವುದಿಲ್ಲ, ಅದರ ಸಂತತಿಯೂ ಹಟ್ಟಿಯಲ್ಲಿ ಬೆಳೆಯುವುದಿಲ್ಲ. ಹೀಗೆ ರಕ್ತವೂ ಬಾಲ್ಯವೂ ಸೇರಿ ತೂಬು ಮುಚ್ಚುತ್ತವೆ.

ಹೊಳೆಯಾಚೆ ಗಂಗಾವತಿ ಸೀಮೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಕಾಡು ಮೀಸಲಿಟ್ಟಿದ್ದಾರೆ. ಅಲ್ಲಿ ಕುರಿ ಮೇಯಿಸುವ ಬಯಲೂ ತೋಳದ ಬಯಲೂ ಒಂದೇ. ತೋಳ ಬಂದಾಗ ಎರಡು ಸಾಮಾನ್ಯ ನಾಯಿಗಳು ಏನು ಮಾಡಿಯಾವು ಎಂದು ಕೇಳುವವರಿದ್ದಾರೆ. ಅವು ಕಾದಾಡಿ ಗೆಲ್ಲಬೇಕಿಲ್ಲ. ಎದ್ದು, ಬೊಗಳಿ, ಕುರಿಗೂ ತೋಳಕ್ಕೂ ನಡುವೆ ನಿಂತರೆ ಸಾಕು. ತೋಳದ ಬೇಟೆಯ ಹರಿವು ಹೊಂಚಿನ ತೂಬಿನಲ್ಲೇ ಕಡಿಯುತ್ತದೆ, ಅಷ್ಟರಲ್ಲಿ ಕುರಿಗಾಹಿಯೂ ಏಳುತ್ತಾನೆ. ಕಾಲು ಮುರಿದುಕೊಂಡ ತೋಳಕ್ಕೆ ನಾಳೆಯ ಊಟವಿಲ್ಲ. ಗಾಯದ ಅಪಾಯವಿರುವ ಕಡೆ ಅದು ಹಿಂದೆ ಸರಿಯುತ್ತದೆ.

ಚಿರತೆಯ ಲೆಕ್ಕ ಬೇರೆ. ಸಂಡೂರಿನ ಗುಡ್ಡಗಳಲ್ಲಿ, ದರೋಜಿ ಕರಡಿಧಾಮದ ಸುತ್ತ, ಹಂಪಿಯ ಬಂಡೆಗಳ ನಡುವೆ ಚಿರತೆಗಳಿವೆ. ಚಿರತೆಗೆ ನಾಯಿಯೇ ಊಟ. ಮಹಾರಾಷ್ಟ್ರದ ಅಕೋಲೆ ಸೀಮೆಯಲ್ಲಿ ವಿದ್ಯಾ ಅತ್ರೇಯ ಮತ್ತು ತಂಡದವರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿದಾಗ ಅದರ ಆಹಾರದ ತೂಕದಲ್ಲಿ ಶೇಕಡಾ 39ರಷ್ಟು ನಾಯಿಯೇ ಎಂದು ಕಂಡುಬಂತು. ಅಂಥ ಕಡೆ ಹಟ್ಟಿಯ ನಾಯಿ ಎಚ್ಚರಿಸುವ ಗಂಟೆಯೂ ಹೌದು, ಮೊದಲ ಬಲಿಯೂ ಹೌದು. ಈ ಋಣವನ್ನು ನಾವು ಎಲ್ಲೂ ಬರೆದಿಡುತ್ತಿಲ್ಲ. ಹತ್ತನೆಯ ಶತಮಾನದ ಕನ್ನಡಿಗರು ಬರೆದಿಟ್ಟಿದ್ದರು. ಮದ್ದೂರು ಬಳಿಯ ಆತಕೂರಿನ ಶಾಸನ, ಕ್ರಿ.ಶ. 949-50ರದು, ಮಣಲೇರ ಎಂಬ ವೀರನ ನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಕಲ್ಲಿನಲ್ಲಿ ಕೊರೆದಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕರಿಕಂಬಳಿಯ ಗೊರವರು ತಾವೇ ಮೈಲಾರಲಿಂಗನ ನಾಯಿಗಳೆಂದು ಬೊಗಳಿ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ಉಣ್ಣುತ್ತಾರೆ. ಕುರುಬರ ದೇವರ ಬಳಿ ನಾಯಿಗೆ ಇಷ್ಟು ದೊಡ್ಡ ಜಾಗ ಸಿಕ್ಕಿದ್ದು ಹಟ್ಟಿಯ ಅನುಭವದಿಂದಲೇ ಎಂದು ನನ್ನ ನಂಬಿಕೆ.

ಈಗ ಎಲ್ಲರ ಬಾಯಲ್ಲೂ ಮುಧೋಳ. ಮುಧೋಳದ ಘೋರ್ಪಡೆ ದೊರೆಗಳು ಬೆಳೆಸಿದ ತಳಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿಗೆ ಹೋದವು. ಸಂತೋಷ. ಆದರೆ ಸುದ್ದಿ ಓದಿ ತೋಟ ಕಾಯಲೆಂದು ದುಬಾರಿ ಮರಿ ತಂದು ಗೂಡಿನಲ್ಲಿ ಕೂಡಿಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಓಡಲೆಂದೇ ಹುಟ್ಟಿದ ನಾಯಿ ಅದು. ತಳಿಯ ಹೆಸರು ಕಾವಲು ಕಾಯುವುದಿಲ್ಲ. ದಾವಣಗೆರೆ ಪೊಲೀಸರ ತುಂಗಾ ಎಂಬ ನಾಯಿ 2020ರಲ್ಲಿ ಹನ್ನೊಂದು ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಸುಳಿವು ಹಿಡಿದದ್ದು ಡಾಬರ್‌ಮನ್ ಎಂಬ ಹೆಸರಿನ ಬಲದಿಂದಲ್ಲ. ಮೂಗಿನಲ್ಲಿ ಕೋಟಿಗಟ್ಟಲೆ ವಾಸನೆಯ ಕೋಶಗಳಿದ್ದವು, ಅವುಗಳ ಹಿಂದೆ ದಿನದಿನದ ತರಬೇತಿ ಇತ್ತು.

ಹಟ್ಟಿಯ ನಾಯಿಗೆ ಬೇಕಾದದ್ದು ಕಡಿಮೆ: ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಜೊತೆಗೆ ಡಿಸ್ಟೆಂಪರ್ ಲಸಿಕೆ. ಡಿಸ್ಟೆಂಪರ್ ನಾಯಿಯಿಂದ ತೋಳಕ್ಕೂ ದಾಟುವ ರೋಗ, ಆದ್ದರಿಂದ ಈ ಸೂಜಿ ಎರಡೂ ಕಡೆಯನ್ನು ಕಾಯುತ್ತದೆ. ಕುರಿಗಳಿಗೆ ಲಸಿಕೆ ಹಾಕಲು ಬರುವ ಪಶುವೈದ್ಯರು ಅದೇ ದಿನ ನಾಯಿಗೂ ಹಾಕಿದರೆ, ಊರಿಂದೂರಿಗೆ ನಡೆಯುವ ಕುರಿಗಾಹಿ ಆಸ್ಪತ್ರೆ ಹುಡುಕಿಕೊಂಡು ಹೋಗಬೇಕಿಲ್ಲ.

ಮೇಷ್ಟರು ಮಕ್ಕಳನ್ನು ಕರೆದುಕೊಂಡು ಹೋಗಿ ಹಟ್ಟಿ ತೋರಿಸುತ್ತೇನೆ ಎಂದಿದ್ದಾರೆ. ಖಂಡಿತ ತೋರಿಸಲಿ. ದೂರದಲ್ಲೇ ನಿಂತು ಕುರಿಗಾಹಿಯನ್ನು ಕೂಗಲಿ, ಅವರು ಬಾ ಎಂದ ಮೇಲೆ ಹೋಗಲಿ. ನಾಯಿ ಬೊಗಳುತ್ತ ಬಂದರೆ ನಿಂತಲ್ಲೇ ನಿಲ್ಲಬೇಕು, ಅದರ ಕಣ್ಣನ್ನು ದಿಟ್ಟಿಸಬಾರದು. ಓಡಲೇಬಾರದು. ಕುರಿಗಳ ಮುಂದೆ ಮುಚ್ಚಿರುವ ಅಟ್ಟುವ ತೂಬು ಓಡುವ ಮನುಷ್ಯನ ಹಿಂದೆ ಥಟ್ಟನೆ ತೆರೆದುಕೊಳ್ಳುತ್ತದೆ.