ಎಳೆಯಬಲ್ಲದು, ಹೊರಬಲ್ಲದೇ?

ಗಲ್ಫ್‌ಗೆ ಹೊರಟ ಮಗನ ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ, ಒಂದು ಕಿಲೋ ಹೆಚ್ಚಾಯಿತೆಂದು ಹಪ್ಪಳದ ಕಟ್ಟನ್ನು ಹೊರತೆಗೆದ ಅನುಭವ ನಿಮ್ಮಲ್ಲಿ ಹಲವರಿಗಿರಬಹುದು. ವಿಮಾನದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಸ್ವಂತ ವಾಹನಕ್ಕೆ ಬಂದಾಗ ಮಾತ್ರ ಕಣ್ಣಂದಾಜಿನಲ್ಲೇ ಮುಗಿಸುತ್ತೇವೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಟ್ರಾವೆಲ್ ಟ್ರೈಲರ್ ಕೊಳ್ಳುವ ಆಲೋಚನೆಯಲ್ಲಿದ್ದಳು. ಕಾರಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆಯದು. ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಒಳಗೇ ಇರುತ್ತವೆ. ಹಲಾಲ್ ಅಡುಗೆಗೂ ನಮಾಝ್‌ಗೂ ಅನುಕೂಲ ಎಂಬುದು ಅವಳ ವಾದ. ಒಪ್ಪತಕ್ಕದ್ದೇ. “ನಮ್ಮ ಗಾಡಿ 2270 ಕಿಲೋ ಎಳೆಯುತ್ತದೆ ಮಾಮಾ, ಟ್ರೈಲರ್ 1700 ಕಿಲೋ ಮಾತ್ರ” ಎಂದಳು.

ಲೆಕ್ಕ ತಪ್ಪುವುದು ಇಲ್ಲೇ. 1700 ಎಂಬುದು ಖಾಲಿ ಟ್ರೈಲರಿನ ತೂಕ. 150 ಲೀಟರ್ ನೀರು ತುಂಬಿದರೆ 150 ಕಿಲೋ ಸೇರಿತು. ಗ್ಯಾಸ್ ಸಿಲಿಂಡರು, ಬ್ಯಾಟರಿಗೆ 50, ಪಾತ್ರೆ, ಅಕ್ಕಿ, ಹೊದಿಕೆ, ಬಟ್ಟೆಗೆ 200 ಹಿಡಿಯಿರಿ. 2100 ಆಯಿತು. ಆದರೂ 2270ರ ಒಳಗೇ ಇದೆಯಲ್ಲ ಎನ್ನುತ್ತೀರಾ? ಎಳೆಯುವ ಶಕ್ತಿ ಬೇರೆ, ಬೆನ್ನ ಮೇಲೆ ಹೊರುವ ಶಕ್ತಿ ಬೇರೆ.

ಟ್ರೈಲರಿನ ಮೂತಿ ಕಾರಿನ ಹಿಂಬದಿಯ ಕೊಂಡಿಯ ಮೇಲೆ ಕೂರುತ್ತದೆ. ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಭಾರ ಅಲ್ಲಿ ಬೀಳಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲದಂತೆ ಅತ್ತಿತ್ತ ಓಲಾಡಿ ಕಾರನ್ನೇ ಮಗುಚಬಹುದು. ಆದ್ದರಿಂದ ಸಾಮಾನನ್ನು ಹಿಂದಕ್ಕೆ ಸರಿಸಿ ಜಾಣತನ ತೋರುವಂತಿಲ್ಲ. ನೂರಕ್ಕೆ 12 ಎಂದುಕೊಂಡರೂ 252 ಕಿಲೋ. ಇದನ್ನು ಕಾರೇ ಹೊರಬೇಕು, ಮನೆಮಂದಿಯ ಜೊತೆಗೆ!

ಅಲ್ಲಿನ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಕಿಲೋ ಮೀರಬಾರದೆಂದು ಅದರಲ್ಲಿ ಬರೆದಿರುತ್ತದೆ. ಓದಿ ಹೇಳಲು ತಿಳಿಸಿದೆ. 560 ಎಂದಳು. ಗಂಡ, ಹೆಂಡತಿ, ಮೂವರು ಮಕ್ಕಳು ಸೇರಿ 280. ಕಾರಿನೊಳಗಿನ ಚೀಲ, ಮಗುವಿನ ತಳ್ಳುಗಾಡಿ ಇತ್ಯಾದಿ 70. ಕೊಂಡಿಯ ಭಾರ 252. ನಾನು ಲೆಕ್ಕದ ಮಾಸ್ತರನಲ್ಲ, ಆದರೂ ಕೂಡಿಸಿದೆ. 602! ಕೊಂಡಿಯ ಕಬ್ಬಿಣದ ತೂಕ ಇನ್ನೂ ಸೇರಿಸಿರಲಿಲ್ಲ.

ಜಾಹೀರಾತಿನಲ್ಲಿ ಹೇಳುವ ಎಳೆಯುವ ಶಕ್ತಿಯನ್ನು ಸಾಮಾನ್ಯವಾಗಿ ಒಬ್ಬ ಚಾಲಕ, ಒಬ್ಬ ಪ್ರಯಾಣಿಕ, ತಲಾ ಸುಮಾರು 68 ಕಿಲೋ ಎಂದು ಎಣಿಸಿ ನಿಗದಿಪಡಿಸುತ್ತಾರೆ. ನಮ್ಮ ಕುಟುಂಬಗಳು ಆ ಲೆಕ್ಕದಲ್ಲಿ ಹಿಡಿಸುವುದುಂಟೇ? ಭಾರ ಮೀರಿದರೆ ಹಿಂದಿನ ಟಯರುಗಳು ಕಾಯುತ್ತವೆ, ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಸೋಲುತ್ತದೆ.

ಒಡೆಯನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಾನೆಂದು ಒಂದು ಒಂಟೆ ಪ್ರವಾದಿಯವರ(ಸ) ಬಳಿ ದೂರಿಕೊಂಡ ಘಟನೆ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಕಾರಿಗೆ ಕಣ್ಣೀರಿಲ್ಲ ನಿಜ, ಆದರೆ ಅದರೊಳಗೆ ಮಕ್ಕಳಿದ್ದಾರೆ.

ಕೊಳ್ಳುವ ಮೊದಲು ಖಾಲಿ ತೂಕ ನೋಡದೆ, ಟ್ರೈಲರಿನ ಮೇಲೆ ನಮೂದಿಸಿರುವ ಗರಿಷ್ಠ ತೂಕದಿಂದಲೇ ಲೆಕ್ಕ ಹಾಕಿ. ಕೊಂಡ ಮೇಲೆ ಎಲ್ಲವನ್ನೂ ತುಂಬಿ, ಎಲ್ಲರೂ ಕುಳಿತು, ಹೆದ್ದಾರಿ ಬದಿಯ ವೇ ಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ. ನೀರನ್ನು ತಂಗುವ ಜಾಗ ತಲುಪಿದ ಮೇಲೆ ತುಂಬಿಕೊಳ್ಳಬಹುದು.

ಈಗ ಅವರು 1200 ಕಿಲೋದ ಟ್ರೈಲರ್ ಹುಡುಕುತ್ತಿದ್ದಾರೆ. ಅದರಲ್ಲಿ ಮೇಲೆ ಹತ್ತಿ ಮಲಗುವ ಹಾಸಿಗೆ ಇಲ್ಲವೆಂದು ಮಕ್ಕಳಿಗೆ ನನ್ನ ಮೇಲೆ ಮುನಿಸಂತೆ.