ಕೆಂಪು ರಕ್ತಕಣಗಳ ಅಭಿಸರಣ ಭಂಗುರತೆ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಮತ್ತಿಘಟ್ಟ ಹಾಗೂ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿದಾಗ ಮಿಡಿಯೊಳಗಿನ ನೀರು ಹೊರಬಂದು ಅದು ಸುಕ್ಕುಗಟ್ಟುವುದು ಎಲ್ಲರಿಗೂ ತಿಳಿದ ವಿಷಯ. ಲವಣಾಂಶ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಪೊರೆಯ ಮೂಲಕ ನೀರು ಹರಿಯುವ ಈ ಕ್ರಿಯೆಯೇ ಅಭಿಸರಣ. ಕೆಂಪು ರಕ್ತಕಣಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಪರೀಕ್ಷೆಯ ತತ್ವ

ಶೇ. 0.9ರ ಉಪ್ಪುನೀರಿನಲ್ಲಿ ರಕ್ತಕಣಗಳು ಯಥಾಸ್ಥಿತಿಯಲ್ಲಿರುತ್ತವೆ. ಉಪ್ಪಿನ ಪ್ರಮಾಣ ಇಳಿದಂತೆ ನೀರು ಒಳನುಗ್ಗಿ ಕಣಗಳು ಉಬ್ಬುತ್ತವೆ. ಆರೋಗ್ಯವಂತರ ಕಣಗಳು ಸುಮಾರು ಶೇ. 0.5ರಲ್ಲಿ ಒಡೆಯಲಾರಂಭಿಸಿ, ಸುಮಾರು ಶೇ. 0.3ರಲ್ಲಿ ಪೂರ್ಣವಾಗಿ ಒಡೆಯುತ್ತವೆ. ಆನುವಂಶಿಕ ಗೋಳಕಣ ರೋಗದಲ್ಲಿ ಕಣಗಳು ಬೇಗನೆ ಒಡೆಯುತ್ತವೆ. ಥಲಸ್ಸೇಮಿಯಾ ವಾಹಕರಲ್ಲಿ ಅವು ತಡವಾಗಿ ಒಡೆಯುತ್ತವೆ.

ಪರೀಕ್ಷೆಯ ವಿಧಾನ

ಥಲಸ್ಸೇಮಿಯಾ ವಾಹಕರ ಪ್ರಾಥಮಿಕ ತಪಾಸಣೆಗೆ ನೆಸ್ಟ್ರಾಫ್ಟ್ ಎಂಬ ಸರಳ ವಿಧಾನವಿದೆ. ಶೇ. 0.36ರ ಉಪ್ಪಿನ ದ್ರಾವಣವಿರುವ ನಳಿಕೆಗೆ ಒಂದು ಹನಿ ರಕ್ತ ಬೆರೆಸಿ ಅರ್ಧ ಗಂಟೆ ಇಡಲಾಗುತ್ತದೆ. ನಂತರ ನಳಿಕೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದವನ್ನು ಹಿಡಿಯಲಾಗುತ್ತದೆ. ಗೆರೆ ಸ್ಪಷ್ಟವಾಗಿ ಕಂಡರೆ ಕಣಗಳು ಒಡೆದಿವೆ, ಫಲಿತಾಂಶ ಸಾಮಾನ್ಯ. ಗೆರೆ ಮಸುಕಾಗಿದ್ದರೆ ಅಥವಾ ಕಾಣದಿದ್ದರೆ ಮುಂದಿನ ಪರೀಕ್ಷೆ ಅಗತ್ಯ. ಬೆಲೆಬಾಳುವ ಯಂತ್ರ ಬೇಕಿಲ್ಲವಾದ್ದರಿಂದ ದೊಡ್ಡ ಪ್ರಯೋಗಾಲಯಗಳಿಂದ ದೂರವಿರುವ ಮಲೆನಾಡಿನ ಗ್ರಾಮಗಳಿಗೆ ಈ ವಿಧಾನ ಸೂಕ್ತವಾಗಿದೆ. 2016ರ ರಾಷ್ಟ್ರೀಯ ಮಾರ್ಗಸೂಚಿಗಳಲ್ಲಿಯೂ ಇದಕ್ಕೆ ಸ್ಥಾನವಿದೆ.

ಗಮನಿಸಬೇಕಾದ ಅಂಶಗಳು

1. ಇದು ಅಂತಿಮ ನಿರ್ಣಯವಲ್ಲ. ಕಬ್ಬಿಣಾಂಶದ ಕೊರತೆ ಇರುವವರಲ್ಲಿಯೂ ಗೆರೆ ಮಸುಕಾಗಬಹುದು. ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆದು ದೃಢಪಡಿಸಿಕೊಳ್ಳಬೇಕು.
2. ಕುಡಗೋಲು ಕಣ ರೋಗದ ಪತ್ತೆಗೆ ಪ್ರತ್ಯೇಕ ಪರೀಕ್ಷೆ ಇದೆ.
3. ವಾಹಕರು ರೋಗಿಗಳಲ್ಲ. ಅವರು ಸಾಮಾನ್ಯ ಜೀವನ ನಡೆಸಬಹುದು.

ಪರೀಕ್ಷೆ ಏಕೆ ಅಗತ್ಯ?

ಪತಿ-ಪತ್ನಿ ಇಬ್ಬರೂ ವಾಹಕರಾಗಿದ್ದಲ್ಲಿ, ಪ್ರತಿ ಗರ್ಭಧಾರಣೆಯಲ್ಲಿಯೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ಶೇ. 25ರಷ್ಟಿರುತ್ತದೆ. ಅಂತಹ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಜೀವನಪೂರ್ತಿ ರಕ್ತ ನೀಡಬೇಕಾಗುತ್ತದೆ. ಮೊದಲ ಮಗು ಆರೋಗ್ಯವಾಗಿದ್ದ ಮಾತ್ರಕ್ಕೆ ಎರಡನೆಯ ಮಗುವಿಗೆ ಈ ಸಾಧ್ಯತೆ ಕಡಿಮೆಯಾಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಮಾತ್ರ ಥಲಸ್ಸೇಮಿಯಾ ವಾಹಕರಾಗಿದ್ದು, ಮತ್ತೊಬ್ಬರಲ್ಲಿ ಯಾವುದೇ ಹಿಮೋಗ್ಲೋಬಿನ್ ದೋಷವಿಲ್ಲದಿದ್ದಲ್ಲಿ ಮಗುವಿಗೆ ತೀವ್ರ ರೂಪದ ರೋಗ ಬರುವುದಿಲ್ಲ.

ಆದುದರಿಂದ ವಿವಾಹಕ್ಕೆ ಮೊದಲು, ತಪ್ಪಿದಲ್ಲಿ ಗರ್ಭಧಾರಣೆಯ ಮೊದಲ ಮೂರು ತಿಂಗಳೊಳಗೆ, ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ. ಪತ್ನಿ ವಾಹಕರೆಂದು ದೃಢಪಟ್ಟಲ್ಲಿ ಪತಿಯೂ ವಿಳಂಬವಿಲ್ಲದೆ ಪರೀಕ್ಷೆಗೆ ಒಳಗಾಗಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.